ಆರು ಅಮಾವಾಸ್ಯೆಯ ಹರಕೆ

ಹಿಂದೂಪುರಕ್ಕೆ ಬಂದ ನಾಲ್ಕನೆಯ ಬೆಳಿಗ್ಗೆ ಕಣ್ಣುಬಿಟ್ಟಾಗ ಬೀದಿಯಲ್ಲಿ ಒಂದು ಸದ್ದೂ ಇರಲಿಲ್ಲ. ಅದಕ್ಕೆ ಮೊದಲಿನ ಮೂರು ದಿನ ಬೆಳಗಾದರೆ ಸಾಕು, ಮನೆಮನೆಯೊಳಗಿಂದ ಮಗ್ಗದ ಬಡಿತ ಶುರುವಾಗಿ ನನ್ನ ತಲೆ ಚಿಟ್ಟು ಹಿಡಿದುಹೋಗಿತ್ತು. ಈಗ ಇಡೀ ಬೀದಿ ಬಾಯಿ ಮುಚ್ಚಿಕೊಂಡಿದೆ. ಯಾರೋ ಸತ್ತಿರಬೇಕು ಎಂದುಕೊಂಡೆ. ನೆರೆಯಲ್ಲಿ ಸಾವಾದರೆ ನಮ್ಮ ಮಂಗಳೂರಿನ ಕಡೆ ಮಾಡುವಂತೆ ಸ್ಟವ್ ಹಚ್ಚದೆ, ಕಾಫಿ ಕುಡಿಯದೆ, ಬಾಗಿಲಲ್ಲಿ ಬಂದು ಗಂಭೀರವಾಗಿ ನಿಂತೆ. ಮನೆಯೊಡತಿ ರುಕ್ಕಮ್ಮ ಬಾಗಿಲಿಗೆ ನೀರು ಹಾಕುತ್ತಿದ್ದರು. ತೀರಿಕೊಂಡದ್ದು ಯಾರೆಂದು ಮೆಲ್ಲಗೆ ಕೇಳಿದೆ.

ಅವರು ಚೆಂಬು ಕೆಳಗಿಟ್ಟು ನನ್ನನ್ನೇ ನೋಡಿದರು. "ಅಮಾಸೆ ಕಣಮ್ಮ. ಇವತ್ತು ಮಗ್ಗ ಮುಟ್ಟಾಕಿಲ್ಲ," ಎಂದರು. ಆಮೇಲೆ ಅದನ್ನು ಒಳಗೆ ಹೋಗಿ ಹೇಳಿದರು, ಪಕ್ಕದ ಮನೆಗೆ ಹೇಳಿದರು, ನಲ್ಲಿಯ ಹತ್ತಿರ ಹೇಳಿದರು. ಒಂದು ವಾರ ನಾನು ಹೋದಲ್ಲೆಲ್ಲ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಇದು ಎಂಬತ್ತರ ದಶಕದ ನಡುವಿನ ಮಾತು. ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದ ಅಮ್ಮ ತೀರಿಕೊಂಡಿದ್ದರು. ಮನೆ ಅಣ್ಣ ಅತ್ತಿಗೆಯರದಾಯಿತು. ಹೋಗು ಎಂದು ಯಾರೂ ಹೇಳಲಿಲ್ಲ, ಆದರೆ ಅಮ್ಮನ ಕೋಣೆಯಲ್ಲಿ ಮಡಿಸಿಟ್ಟ ಹಾಸಿಗೆಯ ಪಕ್ಕ ನಾನೂ ಒಂದು ಸಾಮಾನಾಗಿ ಉಳಿದುಬಿಟ್ಟಿದ್ದೆ. ಕುಷ್ಠರೋಗ ನಿವಾರಣೆಗೆ ಎರಡು ವರ್ಷದ ಸ್ವಯಂಸೇವಕರು ಬೇಕಾಗಿದ್ದಾರೆ ಎಂಬ ಕಾಗದ ವಾಚನಾಲಯದ ಗೋಡೆಯಲ್ಲಿತ್ತು. ಅರ್ಜಿಯಲ್ಲಿ 'ಸೇವಾ ಮನೋಭಾವ' ಎಂದು ಎರಡು ಕಡೆ ಬರೆದೆ. ನಿಜ ಹೇಳಬೇಕೆಂದರೆ ಅಂಥ ಮನೋಭಾವವೇನೂ ನನಗಿರಲಿಲ್ಲ. ಬೇರೆ ಯಾವ ಭಾವವೂ ಇರಲಿಲ್ಲ. ಬೆಂಗಳೂರಿನವರೆಗೆ ಬಸ್ಸು, ಅಲ್ಲಿಂದ ರೈಲು ಹತ್ತಿ ಗಡಿಯಾಚೆ ಆಂಧ್ರದ ಈ ಊರಿಗೆ ಬಂದೆ.

ಮನೆ ಹುಡುಕುವಾಗ ನಮ್ಮ ಮೇಲ್ವಿಚಾರಕ ರಾಮಾಂಜಿ ಒಂದು ಬುದ್ಧಿ ಹೇಳಿದ. ಕುಷ್ಠದ ಕೆಲಸ ಎಂದರೆ ಈ ಊರಿನಲ್ಲಿ ಒರಗಲು ಗೋಡೆಯೂ ಸಿಗುವುದಿಲ್ಲ, ಹೆಲ್ತ್ ಸರ್ವೆ ಎಂದು ಹೇಳಿ ಎಂದ. ಹಾಗೆ ಹೇಳಿದ್ದರಿಂದ ನೇಕಾರರ ಬೀದಿಯಲ್ಲಿ ರುಕ್ಕಮ್ಮನ ಮನೆಯ ಹಿಂದಿನ ಕೋಣೆ ಸಿಕ್ಕಿತು, 'ನರ್ಸಮ್ಮ' ಎಂಬ ಹೆಸರೂ ಸಿಕ್ಕಿತು. ಮನೆಯಲ್ಲಿ ರುಕ್ಕಮ್ಮ, ರೇಷ್ಮೆ ಸೀರೆ ನೇಯುವ ಗಂಡ ನಾರಾಯಣಪ್ಪ, ಮಗಳು ಗಿರಿಜ, ಮತ್ತೆ ನಾರಾಯಣಪ್ಪನ ಅಕ್ಕ, ಗಂಡ ಸತ್ತು ಇಲ್ಲಿಗೇ ವಾಪಸು ಬಂದಿದ್ದ ಅಶ್ವತ್ಥಮ್ಮ. ರುಕ್ಕಮ್ಮ ಅವರನ್ನು 'ವದಿನ' ಎಂದು ಕರೆಯುತ್ತಿದ್ದರು. ಗಂಡನ ಅಕ್ಕನಿಗೆ ತೆಲುಗಿನಲ್ಲಿ ಹಾಗೆನ್ನುತ್ತಾರೆ. ಇಲ್ಲಿ ಕನ್ನಡದ ಮನೆಯಲ್ಲೂ ನೆಂಟಸ್ತಿಕೆಯ ಅರ್ಧ ಹೆಸರುಗಳು ತೆಲುಗಿನವು. ಗಿರಿಜಳನ್ನು ಎತ್ತಿ ಆಡಿಸಿ, ತಲೆ ಬಾಚಿ, ಜಡೆ ಹಾಕಿ ಬೆಳೆಸಿದ್ದು ಈ ಅತ್ತೆಯೇ.

ನನ್ನ ಕನ್ನಡ ಅವರಿಗೆ ತಮಾಷೆ. ನಾನು "ಎಲ್ಲಿಗೆ ಹೋಗುವುದು?" ಎಂದರೆ ಗಿರಿಜ "ರೇಡಿಯೋ ಶುರುವಾಯ್ತು" ಎನ್ನುತ್ತಿದ್ದಳು. ಊಟದ ಕಥೆ ಬೇರೆ. ನಮ್ಮಲ್ಲಿ ಕುಚ್ಚಲಕ್ಕಿ ಗಂಜಿಯನ್ನು ಸುಮ್ಮನೆ ಸುರಿಯುತ್ತೇವೆ, ಇಲ್ಲಿ ರಾಗಿಮುದ್ದೆಯನ್ನು ಸಾರಿನಲ್ಲಿ ಅದ್ದಿ ಅಗಿಯದೆ ನುಂಗಬೇಕು. ನಾನು ಅಗಿದೆ. ದವಡೆಗೆಲ್ಲ ಮೆತ್ತಿಕೊಂಡು ಮಾತೇ ನಿಂತುಹೋಯಿತು. ಮೀನಿನ ಆಸೆ ಮೊದಲ ತಿಂಗಳು ಬಹಳ ಕಾಡಿತು, ಆಮೇಲೆ ಅದೂ ಸುಮ್ಮನಾಯಿತು. ಊರಿನವರಿಗೆ ಕಾಗದ ಬರೆದರೆ ಊಟ, ಬಿಸಿಲು, ನೀರು, ಇಷ್ಟೇ ಬರೆಯುತ್ತಿದ್ದೆ. ಹೇಗಿದ್ದೀ ಎಂದು ಅಣ್ಣ ಕೇಳಿದ ಸಾಲನ್ನು ದಾಟಿಬಿಡುತ್ತಿದ್ದೆ.

ಕೆಲಸ ಸುಲಭದ್ದು. ಮೈಮೇಲೆ ಬಣ್ಣ ಮಾಸಿದ ಮಚ್ಚೆ ಇದ್ದವರನ್ನು ಕೂರಿಸಿ, ಕಣ್ಣು ಮುಚ್ಚಲು ಹೇಳಿ, ಹತ್ತಿಯ ಎಳೆಯಿಂದ ಚರ್ಮವನ್ನು ಅಲ್ಲಲ್ಲಿ ಮುಟ್ಟಬೇಕು. ಮುಟ್ಟಿದ ಕಡೆ ಅವರು ಬೆರಳಿಟ್ಟು ತೋರಿಸಬೇಕು. ತೋರಿಸದಿದ್ದರೆ ಹೆಸರು, ವಿಳಾಸ ಬರೆದುಕೊಳ್ಳಬೇಕು. ಆಗ ಹೊಸ ಮಾತ್ರೆಗಳು ಬಂದಿದ್ದವು. ಬೇಗ ಹಿಡಿದರೆ ಆರು ತಿಂಗಳಲ್ಲಿ ಗುಣ. ದಿನದ ಮಾತ್ರೆಯನ್ನು ಮನೆಯಲ್ಲೇ ನುಂಗಬಹುದು, ತಿಂಗಳಿಗೊಮ್ಮೆ ಮಾತ್ರ ಒಂದು ದೊಡ್ಡ ಡೋಸನ್ನು ನಮ್ಮ ಕಣ್ಣೆದುರೇ ನುಂಗಬೇಕು. ನುಂಗಿದ ದಿನ ಮೂತ್ರ ಕೆಂಪಗೆ ಹೋಗುತ್ತದೆ, ಹೆದರಬೇಡಿ ಎಂದು ತೆಲುಗಿನಲ್ಲಿ ಹೇಳಲು ಕಲಿತೆ. ನಾನು ತಪ್ಪಿಲ್ಲದೆ ಹೇಳಿದ ಮೊದಲ ತೆಲುಗು ವಾಕ್ಯ ಅದೇ.

ಅಶ್ವತ್ಥಮ್ಮನದು ಬೀದಿಯಲ್ಲಿ ಹೆಸರಾದ ಕೈ. ಮಗ್ಗದಲ್ಲಿ ಒಂದು ಹಾಸು ಮುಗಿದಾಗ ಹಳೆಯ ಎಳೆಗಳ ತುದಿಯನ್ನು ಹಾಗೇ ಬಿಟ್ಟಿರುತ್ತಾರೆ. ಹೊಸ ಹಾಸಿನ ಸಾವಿರಾರು ಎಳೆಗಳನ್ನು ಒಂದೊಂದಾಗಿ ಆ ತುದಿಗೆ ಹೊಸೆದು ಸೇರಿಸಬೇಕು. ಅದಕ್ಕೆ ಅಚ್ಚು ಕೆಚ್ಚುವುದು ಎನ್ನುತ್ತಾರೆ. ಬೆರಳಿಗೆ ಚೂರು ಬೂದಿ ಮುಟ್ಟಿಸಿಕೊಂಡು, ಹಳೆಯ ಎಳೆಗಳನ್ನು ಉಂಗುರದ ಬೆರಳು ಕಿರುಬೆರಳುಗಳ ಸಂದಿಯಲ್ಲಿ ಹಿಡಿದು, ಹೆಬ್ಬೆರಳಿನಲ್ಲಿ ಹೊಸೆಯುತ್ತ ಅವರು ಕೂತರೆ ಮಾತೇ ಇಲ್ಲ. ಆ ವರ್ಷ ಅವರನ್ನು ಕರೆಯುವ ಮನೆಗಳು ಕಡಿಮೆಯಾಗಿದ್ದವು. ಎಳೆಗಳು ಜಾರುತ್ತವಂತೆ, ವಯಸ್ಸಾಯಿತು ಎಂದು ರುಕ್ಕಮ್ಮ ಹೇಳುತ್ತಿದ್ದರು. ಐವತ್ತು ಕೂಡ ಆಗಿರಲಿಲ್ಲ.

ಒಂದು ದಿನ ಅವರು ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸಿದರು. ಬಲಗೈಯ ಅಂಚು ಸುಟ್ಟು ಬೊಬ್ಬೆ ಬಂತು. ಅವರು ತಿರುಗಿಯೂ ನೋಡಲಿಲ್ಲ. ನಾನು ದೇವರ ಮುಂದಿದ್ದ ಹೂಬತ್ತಿಯೊಂದನ್ನು ಎತ್ತಿಕೊಂಡು, ಮನೆಯವರು ಹೊರಗೆ ಹೋದಾಗ ಅವರನ್ನು ಕೂರಿಸಿ ಕಣ್ಣು ಮುಚ್ಚಲು ಹೇಳಿದೆ. ಮೊಣಕೈಯ ಕೆಳಗೆ ಮಾಸಿದ ಮಚ್ಚೆ, ಅಲ್ಲಿಂದ ಕಿರುಬೆರಳಿನವರೆಗೆ ಬತ್ತಿ ಆಡಿಸಿದೆ. ಅವರು ಕಣ್ಣು ಮುಚ್ಚಿಕೊಂಡೇ ಶುರು ಮಾಡು ಎಂದರು. ಮುಗಿದಿದೆ ಎಂದು ನಾನು ಹೇಳಿದೆ.

ಆಗಲೂ ನನಗೇನೂ ಅನ್ನಿಸಲಿಲ್ಲ. ಇನ್ನೊಂದು ಹೆಸರು ಎಂದಷ್ಟೇ ಅನ್ನಿಸಿತು. ಅವರು ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, "ಬರ್ಕಬೇಡ ನರ್ಸಮ್ಮ. ಗಿರಿಜಂಗೆ ಗಂಡು ಬರೋ ಹೊತ್ತು. ಬರ್ಕಂಡ್ರೆ ನಾನು ಈ ಮನ್ಯಾಗೆ ಇರಾಕಾಗಾಕಿಲ್ಲ," ಎಂದರು.

ಮುಂದಿನ ವಾರವೇ ನನ್ನನ್ನು ಕಲ್ಯಾಣದುರ್ಗಕ್ಕೆ ಹಾಕಿದರು. ಆಗ ಹೊಳೆದ ಉಪಾಯ ನನ್ನದು, ಇದನ್ನು ನಾನೇ ಒಪ್ಪಿಕೊಳ್ಳಬೇಕು. ಅಮಾವಾಸ್ಯೆಗೆ ಮಗ್ಗಕ್ಕೆ ರಜೆ, ಅವರನ್ನು ಯಾರೂ ಕರೆಯುವುದಿಲ್ಲ. ಕಲ್ಯಾಣದುರ್ಗದ ಆಂಜನೇಯನಿಗೆ ಆರು ಅಮಾವಾಸ್ಯೆಯ ಹರಕೆ ಎಂದು ಮನೆಯಲ್ಲಿ ಹೇಳಿ, ತಿಂಗಳಿಗೊಮ್ಮೆ ಬಂದು ನನ್ನೆದುರು ಮಾತ್ರೆ ನುಂಗಿ ಹೋಗಿ ಎಂದೆ. ಹಿಂದೂಪುರದ ಮನೆಗೆ ಯಾರೂ ವಿಚಾರಿಸಿಕೊಂಡು ಹೋಗದಿರಲೆಂದು ರೋಗಿಗಳ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಕಲ್ಯಾಣದುರ್ಗದ ನನ್ನ ವಿಳಾಸ ಬರೆದೆ.

ಕಲ್ಯಾಣದುರ್ಗ ಹಿಂದೂಪುರದಂತಲ್ಲ. ಬಂಡೆಗುಡ್ಡ, ಕಡಲೆಕಾಯಿ ಹೊಲ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕುರಿ ಹೊಡೆದುಕೊಂಡು ಹೋಗುವವರು. ನಮ್ಮ ಕ್ಲಿನಿಕ್ ಒಂದು ಹಳೆಯ ಮನೆಯ ಜಗಲಿ, ಅದಕ್ಕೆ ಅಂಟಿದ ಕೋಣೆ ನನ್ನದು. ಕುಂದುರ್ಪಿ, ಬ್ರಹ್ಮಸಮುದ್ರದ ಬಸ್ಸಿಳಿದು ಬಂದವರು ಸಾಲಾಗಿ ಕೂತು ಹುಣ್ಣಾದ ಕಾಲುಗಳನ್ನು ನೀರಿನ ಟಬ್ಬಿನಲ್ಲಿ ನೆನೆಹಾಕುತ್ತಿದ್ದರು. ಅಶ್ವತ್ಥಮ್ಮ ಎರಡು ಕಡೆ ಬಸ್ಸು ಬದಲಿಸಿ, ಕಂಬದೂರಿನ ಮೇಲೆ ಬರುವ ಬಸ್ಸಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಬರುತ್ತಿದ್ದರು. ಮಾತ್ರೆ ನುಂಗಿ, ನನ್ನ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂತು, ಸುಳ್ಳು ಪೂರ್ತಿ ಸುಳ್ಳಾಗಬಾರದೆಂದು ಆಂಜನೇಯನ ಗುಡಿಗೂ ಒಂದು ಸುತ್ತು ಹೋಗಿ ಕುಂಕುಮ ತೆಗೆದುಕೊಂಡು ಹೊರಡುತ್ತಿದ್ದರು. ಐದು ಅಮಾವಾಸ್ಯೆ ಹೀಗೇ ಕಳೆಯಿತು. ಮಚ್ಚೆಯ ಬಣ್ಣ ತಿರುಗುತ್ತಿತ್ತು.

ನಮ್ಮ ಮನೆಯಲ್ಲಿ ಹರಕೆ ಎಂದರೆ ಹೊತ್ತವರು ಒಬ್ಬರೇ ಹೋಗಿ ಡಬ್ಬಿಗೆ ಹಾಕಿ ಬರುವುದು. ಇಲ್ಲಿ ಕಡೆಯ ಸುತ್ತಿಗೆ ಇಡೀ ಮನೆ ಬರಬೇಕು, ಕಾಯಿ ಒಡೆಸಬೇಕು, ಅಡುಗೆ ಹೊತ್ತು ತಂದು ಗುಡಿಯ ಮುಂದೆ ಕೂತು ಉಣ್ಣಬೇಕು. ಇಲ್ಲದಿದ್ದರೆ ಹರಕೆ ತೀರಿದಂತಲ್ಲ. ಅಶ್ವತ್ಥಮ್ಮ ಎಷ್ಟು ಬೇಡವೆಂದರೂ ತಮ್ಮ ಕೇಳಲಿಲ್ಲವಂತೆ. ಆರನೆಯ ಅಮಾವಾಸ್ಯೆಯ ದಿನ ನಾರಾಯಣಪ್ಪ, ಹೊಸ ಲಂಗದಾವಣಿಯ ಗಿರಿಜ, ಹುಣಸೆಹಣ್ಣಿನ ಚಿತ್ರಾನ್ನದ ಪಾತ್ರೆ ಹಿಡಿದ ರುಕ್ಕಮ್ಮ, ಎಲ್ಲರ ಹಿಂದೆ ಮುಖ ಸುಣ್ಣವಾದ ಅಶ್ವತ್ಥಮ್ಮ, ಬಸ್ಸಿಳಿದು ಮೊದಲು ನಮ್ಮ ನರ್ಸಮ್ಮನನ್ನು ನೋಡೋಣವೆಂದು ವಿಚಾರಿಸಿಕೊಂಡು ನೇರ ಜಗಲಿಗೇ ಬಂದರು.

ಟಬ್ಬುಗಳಲ್ಲಿ ಕಾಲಿಟ್ಟುಕೊಂಡು ಹತ್ತು ಹನ್ನೆರಡು ಜನ ಕೂತಿದ್ದರು. ರುಕ್ಕಮ್ಮ ಗೋಡೆಯ ಮೇಲಿದ್ದ ಕುಷ್ಠರೋಗದ ತೆಲುಗು ಬೋರ್ಡನ್ನು ಅಕ್ಷರ ಕೂಡಿಸಿಕೊಂಡು ಓದುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ, ಕ್ಲಿನಿಕ್ಕಿನ ದಿನ ಬಂದು ಹೋಗುವ, ಏನೂ ಅರಿಯದ ರಾಮಾಂಜಿ ಪುಸ್ತಕ ನೋಡಿ ಎಂದಿನಂತೆ ಕೂಗಿದ. "ಅಶ್ವತ್ಥಮ್ಮ, ಕಲ್ಯಾಣದುರ್ಗ. ಆಖರಿ ಡೋಸು."

ಅವರು ತಪ್ಪಿಸಿಕೊಳ್ಳಬಹುದಿತ್ತು. ಬೇರೆ ಅಶ್ವತ್ಥಮ್ಮ ಎಂದರೆ ನಾನೂ ಹೌದೆನ್ನುತ್ತಿದ್ದೆ. ಆದರೆ ಒಂದು ಡೋಸು ತಪ್ಪಿದರೂ ಹಿಂದಿನದೆಲ್ಲ ದಂಡ ಎಂದು ಅವರನ್ನು ಹೆದರಿಸಿಟ್ಟವಳೂ ನಾನೇ. ಅವರು ಮುಂದೆ ಬಂದು, ಅಂಗೈ ಚಾಚಿ ಮಾತ್ರೆಗಳನ್ನು ತೆಗೆದುಕೊಂಡು, ಎಲ್ಲರೆದುರು ನುಂಗಿ ನೀರು ಕುಡಿದರು.

ರುಕ್ಕಮ್ಮ ಚಿತ್ರಾನ್ನದ ಪಾತ್ರೆ ಹಿಡಿದು ಮೊದಲು ಜಗಲಿ ಇಳಿದರು. ಎಲ್ಲರೂ ಗುಡಿಗೆ ಹೋದೆವು. ನಾರಾಯಣಪ್ಪ ಕಾಯಿ ಒಡೆಸಿದ. ಬೇವಿನ ಮರದ ಕೆಳಗೆ ರುಕ್ಕಮ್ಮ ವದಿನನಿಗೂ ನನಗೂ ಸಮನಾಗಿ ಬಡಿಸಿದರು. ಗೆದ್ದೆವು ಎಂದುಕೊಂಡು ನಾನು ಎರಡು ಸಲ ಹಾಕಿಸಿಕೊಂಡೆ.

ಬಸ್ ಸ್ಟ್ಯಾಂಡಿನಲ್ಲಿ ರುಕ್ಕಮ್ಮ ನನ್ನನ್ನು ಪಕ್ಕಕ್ಕೆ ಕರೆದರು. ನಾನು ನನ್ನ ಪಾಠವನ್ನೆಲ್ಲ ಒಪ್ಪಿಸಿದೆ. ಗುಣವಾಗಿದೆ, ಅಂಟುವುದಿಲ್ಲ, ಪಾಪಕ್ಕೆ ಬರುವ ರೋಗ ಅಲ್ಲ. ಅವರು ಪೂರ್ತಿ ಕೇಳಿದರು.

"ನೀನೇಳಾದು ದಿಟಾನೇ ಇರ್ಬೌದು. ನಂಗೆ ಅರ್ಥ ಆಯ್ತದೆ. ಹುಡುಗಿ ನೋಡಾಕೆ ಬರೋರಿಗೆ ಯಾರು ಹೇಳ್ತಾರೆ?" ಎಂದರು. ಆಮೇಲೆ ಅಶ್ವತ್ಥಮ್ಮನ ಹತ್ತಿರ ಹೋಗಿ ಉಳಿದ ಚಿತ್ರಾನ್ನದ ಪಾತ್ರೆಯನ್ನು ಅವರ ಕೈಗೆ ಕೊಟ್ಟರು. "ಗಿರಿಜನ ಮದ್ವೆ ಆಗೋಗಂಟ ಇಲ್ಲೇ ಇರು ವದಿನ."

ನಾರಾಯಣಪ್ಪ ಬಸ್ಸಿನ ಚಕ್ರ ನೋಡುತ್ತ ಅಳುತ್ತಿದ್ದ. ಗಿರಿಜ ಕಿಟಕಿಯಿಂದ ಕೈ ಹೊರಗಿಟ್ಟುಕೊಂಡೇ ಇದ್ದಳು. ಬಸ್ಸು ಹೋಯಿತು. ಹರಕೆಯ ಉಪಾಯ ಹೇಳಿದ ನಾಲಿಗೆಯನ್ನು ಕಚ್ಚಿಕೊಳ್ಳಬೇಕೆನಿಸಲಿಲ್ಲವೇ ಎಂದು ಕೇಳಿದರೆ, ಇಲ್ಲ. ಸಂಜೆಗೆ ಎರಡನೆಯ ಚಾಪೆ ಎಲ್ಲಿ ಸಿಗುತ್ತದೆ ಎಂದು ಯೋಚಿಸುತ್ತಿದ್ದೆ.

ಹೀಗೆ ನಾವಿಬ್ಬರೂ ಒಂದೇ ಕೋಣೆಯಲ್ಲಿ ನೆಲೆಯಾದೆವು. ಬೆಳಿಗ್ಗೆ ಅವರ ಬೆರಳುಗಳಿಗೆ ಎಣ್ಣೆ ಹಚ್ಚಿ ನೀವುತ್ತಿದ್ದೆ. ಕಿರುಬೆರಳು ಕೊನೆಗೂ ನೆಟ್ಟಗಾಗಲಿಲ್ಲ. ರೇಷ್ಮೆ ಎಳೆ ಹಿಡಿಯುವುದು ಮುಗಿದ ಮಾತು. ಕಡಲೆಕಾಯಿ ಸುಲಿಯುತ್ತಿದ್ದರು, ಕ್ಲಿನಿಕ್ಕಿಗೆ ನೀರು ಕಾಯಿಸುತ್ತಿದ್ದರು. ಮುದ್ದೆ ನುಂಗುವುದನ್ನು ನನಗೆ ಸರಿಯಾಗಿ ಕಲಿಸಿದ್ದು ಅವರೇ. ನಾನು ಮಾಡಿದ ಗಂಜಿಯನ್ನು ಮಾತ್ರ ಕಾಯಿಲೆಯವರ ಊಟ ಎಂದು ದೂರ ತಳ್ಳುತ್ತಿದ್ದರು. ನನ್ನ ಎರಡು ವರ್ಷ ಮುಗಿಯಿತು. ಊರಿಗೆ ಯಾವಾಗ ಬರುತ್ತೀ ಎಂದು ಅಣ್ಣ ಬರೆದ. ಸದ್ಯಕ್ಕೆ ಆಗುವುದಿಲ್ಲ ಎಂದು ಬರೆದೆ. ಅವನು ಮತ್ತೆ ಕೇಳಲಿಲ್ಲ.

ಮರುವರ್ಷ ಗಿರಿಜಳ ಲಗ್ನಪತ್ರಿಕೆ ಅಂಚೆಯಲ್ಲಿ ಬಂತು. ಲಕೋಟೆಯ ಮೇಲಿನ ಹೆಸರು ನನ್ನದು. ಆಹ್ವಾನಿಸುವವರ ಉದ್ದನೆಯ ಪಟ್ಟಿಯಲ್ಲಿ ಅಶ್ವತ್ಥಮ್ಮ ಇರಲಿಲ್ಲ. ಅವರು ಓದಿ ಹೇಳು ಎಂದರು, ಓದಿದೆ. ಸಕುಟುಂಬ ಸಪರಿವಾರ ಸಮೇತರಾಗಿ ಬರಬೇಕು ಎಂದು ಎಲ್ಲ ಪತ್ರಿಕೆಯಲ್ಲೂ ಇರುವಂತೆ ಇದರಲ್ಲೂ ಇತ್ತು. ಅಲ್ಲಿಗೆ ಬಂದಾಗ ನಿಲ್ಲಿಸಿದರು. "ಹಂಗಾರೆ ನಿನ್ನ ಜತೆ ನಾನೂ ಬತ್ತೀನಿ," ಎಂದರು.

ಮದುವೆ ಗಂಡಿನವರ ಊರು ಮಡಕಶಿರದ ಛತ್ರದಲ್ಲಿ. ಅಶ್ವತ್ಥಮ್ಮ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದರು. ಹಿಂದೂಪುರದ ನೆರೆಹೊರೆಯವರು ದೂರದಿಂದಲೇ ಅವರಿಗೆ ಕೈ ಮುಗಿದರು. ದೇವರ ಸೇವೆಗೆ ನಿಂತುಬಿಟ್ಟಿದ್ದಾರೆ ಎಂದು ರುಕ್ಕಮ್ಮ ಬೀದಿಗೆಲ್ಲ ಹೇಳಿದ್ದರಂತೆ. ನಾವು ಎರಡನೆಯ ಪಂಕ್ತಿಯಲ್ಲಿ, ಗಂಡಿನ ಕಡೆಯವರ ನಡುವೆ ಕೂತೆವು. ರುಕ್ಕಮ್ಮ ಹೋಳಿಗೆ ಬಡಿಸುತ್ತ ಬಂದರು. ನಮ್ಮೆದುರು ಒಂದು ಗಳಿಗೆ ನಿಂತರು.

"ಹಾಕ್ಕೊಳಿ ಅಮ್ಮ, ಸಂಕೋಚ ಮಾಡ್ಕಬೇಡಿ," ಎಂದು ಅಶ್ವತ್ಥಮ್ಮನ ಎಲೆಗೆ ಎರಡು ಹೋಳಿಗೆ ಹಾಕಿ ಮುಂದೆ ಹೋದರು. ಇಷ್ಟು ವರ್ಷದಲ್ಲಿ ಅವರು ವದಿನನಿಗೆ ಬಹುವಚನ ಹಾಕಿದ್ದನ್ನು ನಾನು ಕೇಳಿರಲಿಲ್ಲ. ನನಗೆ ನೋವಾಯಿತು. ಎಲ್ಲಿ ಎಂದು ಯಾರಾದರೂ ಕೇಳಿದ್ದರೆ ಬೆರಳಿಟ್ಟು ತೋರಿಸುತ್ತಿದ್ದೆ.

ಪಕ್ಕದಲ್ಲಿದ್ದ ಮುದುಕಿ ನಮ್ಮದು ಯಾವ ಊರೆಂದು ಕೇಳಿದರು. ಕಲ್ಯಾಣದುರ್ಗ ಎಂದೆ. ನಿನ್ನ ಮಾತು ಈ ಕಡೆಯದಲ್ಲವಲ್ಲ ಎಂದರು. ನಾನು ನೀರಿನ ಲೋಟ ಎತ್ತಿಕೊಂಡೆ. ಅವರು ನನ್ನನ್ನು ಬಿಟ್ಟು ಅಶ್ವತ್ಥಮ್ಮನ ಕಡೆ ಬಗ್ಗಿದರು. "ನೀವು ಹೆಣ್ಣಿಗೆ ಏನಾಗ್ಬೇಕಮ್ಮ?"

ಅಶ್ವತ್ಥಮ್ಮ ಹಸೆಯ ಮೇಲೆ ಕೂತಿದ್ದ ಗಿರಿಜಳ ಕಡೆ ನೋಡಲಿಲ್ಲ. ಎಡಗೈಯಿಂದ ಸೆರಗು ಸರಿಮಾಡಿಕೊಂಡು ನನ್ನ ಕಡೆ ತೋರಿಸಿದರು.

"ಏನೂ ಆಗ್ಬೇಕಿಲ್ಲ ಕಣಮ್ಮ. ನಾನು ಈಯಮ್ಮನ ಕಡೆಯೋಳು," ಎಂದರು.