ತಗಡಿನ ಡಬ್ಬಿಯೋ, ಸಾಗವಾನಿ ಹಲಗೆಯೋ

ಸವಣೂರಿನ ನಮ್ಮ ಪಡಸಾಲೆಯಲ್ಲಿ ಕೆಲವು ದಿನಗಳ ಹಿಂದೆ ವಾಯರು ಸುಟ್ಟ ಕಮಟು ವಾಸನೆ ಬಂತು. ಆಂಪ್ಲಿಫೈಯರ್, ರೆಕಾರ್ಡ್ ಪ್ಲೇಯರ್, ಹಳೆಯ ಟೇಪು ಎಲ್ಲಕ್ಕೂ ಕರೆಂಟು ಹಂಚುತ್ತಿದ್ದ ಪ್ಲಾಸ್ಟಿಕ್ ಎಕ್ಸ್‌ಟೆನ್ಷನ್ ಬೋರ್ಡು ಒಂದು ಕಡೆ ಕರಗಿತ್ತು. ಹೊಸದು ಕೊಂಡಿದ್ದರೆ ಮುಗಿಯುತ್ತಿತ್ತು. ಅಂಗಡಿಯದು ಬೇಡ, ಗಟ್ಟಿಮುಟ್ಟಾದದ್ದನ್ನು ನಾನೇ ಮಾಡುತ್ತೇನೆ ಎಂದುಬಿಟ್ಟೆ. ಅಂದಿನಿಂದ ನಿದ್ದೆ ಕೆಟ್ಟಿತು.

ದಪ್ಪ ತಾಮ್ರದ ವಾಯರು, ಪಿನ್ನನ್ನು ಬಿಗಿಯಾಗಿ ಹಿಡಿಯುವ ಸಾಕೆಟ್ಟು, ಇವೆಲ್ಲ ಬೇಗ ತೀರ್ಮಾನವಾದವು. ತೊಡಕಾದದ್ದು ಅವನ್ನೆಲ್ಲ ಕೂರಿಸುವುದು ಯಾವುದರಲ್ಲಿ ಎಂಬುದು. ಸಾಗವಾನಿ ಹಲಗೆ ಶಾಕ್ ಹೊಡೆಯುವುದಿಲ್ಲ, ಆದರೆ ಹೊತ್ತಿಕೊಂಡರೆ? ತಗಡಿನ ಡಬ್ಬಿ ಉರಿಯುವುದಿಲ್ಲ, ಆದರೆ ಒಳಗೆ ವಾಯರು ಕಳಚಿ ತಗಡಿಗೆ ತಗುಲಿದರೆ? ನನ್ನ ಹೆಂಡತಿ ಗಿರಿಜಾಗೆ ಪಾತ್ರೆ ತೊಳೆಯುತ್ತಿದ್ದವಳು ಎದ್ದು ಬಂದು ಹಸಿ ಕೈಯಲ್ಲೇ ಹಾಡು ಬದಲಿಸುವ ಅಭ್ಯಾಸ. ನಾನೇ ಮಾಡಿದ ಡಬ್ಬಿ ಅವಳ ಜೀವಕ್ಕೆ ಎರವಾದರೆ?

"ನನ್ನ ನೋಡಾಕ ಬಂದಾಗೂ ಇಷ್ಟು ವಿಚಾರ ಮಾಡಿರ್ಲಿಲ್ರಿ ನೀವು" ಎಂದಳು ಅವಳು.

ಈ ಹೆದರಿಕೆಯ ಮೂಲ ತಿಳವಳ್ಳಿಯ ನನ್ನ ಸೋದರಮಾವನ ಮನೆ. ನಿಮಗೂ ಅಂಥ ಒಬ್ಬ ಮಾವ ಇದ್ದಿರಬಹುದು, ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಜೋಡಿಸುವವನು. ಅವನ ಆಂಪ್ಲಿಫೈಯರ್ ಹಾಡಿನ ಹಿಂದೆ ಗುಂಯ್‌ಗುಡುತ್ತಿತ್ತು. ಅರ್ಥಿಂಗ್ ಕೊಟ್ಟರೆ, ಅಂದರೆ ಸೋರುವ ಕರೆಂಟನ್ನು ವಾಯರಿನಿಂದ ನೆಲಕ್ಕಿಳಿಸಿದರೆ, ನಿಲ್ಲುತ್ತದೆ ಎಂದು ಯಾರೋ ಹೇಳಿದ್ದೇ ತಡ, ಮಾವ ಆಂಪ್ಲಿಫೈಯರಿನಿಂದ ಒಂದು ವಾಯರನ್ನು ಒಯ್ದು ಬಚ್ಚಲಿನ ನಳದ ಕಬ್ಬಿಣದ ಪೈಪಿಗೆ ಸುತ್ತಿದ. ಗುಂಯ್ ನಿಂತಿತು, ನಳ ಜುಮ್ಮೆನ್ನತೊಡಗಿತು. ಆ ವಾಯರನ್ನು ಬಿಚ್ಚಬೇಕೆಂದು ಯಾರಿಗೂ ಹೊಳೆಯಲಿಲ್ಲ ನೋಡಿ. ಬದಲಿಗೆ ಮನೆಗೊಂದು ಪದ್ಧತಿ ಬಂತು. ನಳ ಮುಟ್ಟುವವರು ಮೊದಲು ಕೂಗಬೇಕು, ಮಾವ ಹಾಡು ನಿಲ್ಲಿಸಬೇಕು. "ಹಾಡು ಬಂದ್ ಮಾಡ್ರಿ, ಮಾರಿ ತೊಳ್ಕೋತೇನಿ" ಎಂದು ಅತ್ತೆ ಕೂಗುವುದು, ಅರ್ಧ ಸಾಲಿಗೇ ಹಾಡು ಬಾಯಿ ಮುಚ್ಚುವುದು ನಮಗೆಲ್ಲ ದಿನನಿತ್ಯದ ತಮಾಷೆ. ಒಮ್ಮೆ ಅತ್ತೆ ಕೂಗುವುದನ್ನು ಮರೆತಳು. ಕೈ ಕೊಡವಿ ಹಿಂದಕ್ಕೆ ಬಿದ್ದಳು. ಪುಣ್ಯಕ್ಕೆ ಉಳಿದಳು, ಆದರೆ ಬಿಳಿಚಿಕೊಂಡ ಆ ಮುಖ ಇಂದಿಗೂ ನನ್ನ ಕಣ್ಣ ಮುಂದಿದೆ. ಮಾವ ಅಂದೇ ವಾಯರು ಕಿತ್ತೆಸೆದ. ಮುಂದೆಲ್ಲ ಗುಂಯ್‌ಗುಡುವ ಹಾಡನ್ನೇ ಕೇಳಿದ.

ಸರಿಯಾದ ಅರ್ಥಿಂಗ್ ಇದ್ದರೆ ತಗಡೇ ಭದ್ರ ಎಂದು ಅಂತೂ ಧೈರ್ಯ ಮಾಡಿ ಹಾನಗಲ್ಲಿನ ಅಂಗಡಿಯಿಂದ ಡಬ್ಬಿ ತಂದೆ. ಅರ್ಥಿಂಗಿನ ಹಸಿರು ವಾಯರನ್ನು ತಗಡಿಗೆ ಬೋಲ್ಟು ಹಾಕಿ ಬಿಗಿದು, ಎಳೆದೆಳೆದು ನೋಡಿದೆ. ಕೊನೆಗೆ ಗೋಡೆಯ ಸಾಕೆಟ್ಟನ್ನೂ ನೋಡಿಬಿಡೋಣವೆಂದು ಮೇನ್ ಇಳಿಸಿ ಬಿಚ್ಚಿದರೆ, ಅರ್ಥಿಂಗಿಗೆಂದೇ ಇರುವ ಮೇಲಿನ ಮೂರನೆಯ ತೂತಿನ ಹಿಂದೆ ವಾಯರೇ ಇರಲಿಲ್ಲ. ಮನೆ ಕಟ್ಟಿದಂದಿನಿಂದ ಆ ತೂತು ಬರೀ ಶೋಕಿಗೆ ಇತ್ತು. ನಾನು ಡಬ್ಬಿಯ ಚಿಂತೆಯಲ್ಲೇ ಮುಳುಗಿ, ಗೋಡೆಯನ್ನು ನಂಬಿ ಕುಳಿತಿದ್ದೆ. ಸಾಕೆಟ್ಟನ್ನು ಬಿಚ್ಚಿದಂತೆಯೇ ಬಿಟ್ಟು ವಾಯರ್‌ಮನ್‌ಗೆ ಹೇಳಿಕಳಿಸಿದೆ.

ವಾಯರ್‌ಮನ್ ಬಂದ. ಹಿತ್ತಲಲ್ಲಿ ಕುಣಿ ತೋಡಿಸಿ, ಇದ್ದಿಲು ಉಪ್ಪು ತುಂಬಿಸಿ, ಅಲ್ಲಿಂದ ಗೋಡೆಗೆ ವಾಯರು ಎಳೆದ. ಮೀಟರು ಇಟ್ಟು ನೋಡಿ ಸರಿಯಿದೆ ಎಂದ. ನನಗೆ ಮಾತ್ರ ನಂಬಿಕೆ ಬರಲಿಲ್ಲ.

ನಿನ್ನೆ ಹಾಡು ಹಚ್ಚಿದೆ. ಗಿರಿಜಾ ಎಂದಿನಂತೆ ಹಸಿ ಕೈಯಲ್ಲೇ ಬಂದಳು. ಬೇಡ ಎನ್ನುವಷ್ಟರಲ್ಲಿ ಡಬ್ಬಿಯ ಮೇಲೆ ಕೈಯೂರಿ ಬಗ್ಗಿದಳು. ನಾನು ಅವಳ ಮುಖವನ್ನೇ ನೋಡಿದೆ.

"ಯಾಕ್ರಿ, ಹಂಗ ನೋಡಾಕತ್ತೀರಿ?"

"ನಿನಗೇನೂ ಆಗ್ಲಿಲ್ಲಲ್ಲ?"

"ನನಗೇನಾಕ್ಕೈತಿ? ನೀವ ಮಾಡಿದ್ದಲ್ಲೇನ್ರಿ?"

ನಾನು ಹೆಗಲ ಮೇಲಿನ ಟವೆಲ್ಲು ತೆಗೆದು ಅವಳ ಎರಡೂ ಕೈ ಒರೆಸಿದೆ.