ಕೈಕಟ್ಟಿ ಕೂರುತ್ತಿದ್ದ ಶಿವಮಾದಣ್ಣ

ಯಾರ ಕಂಪ್ಯೂಟರ್ ರಿಪೇರಿಗೆ ಬಂದರೂ ಶಿವಮಾದಣ್ಣ ಮೊದಲಿಗೇ ಸ್ಕ್ರೂಡ್ರೈವರ್ ಮುಟ್ಟುತ್ತಿರಲಿಲ್ಲ. ಸ್ವಿಚ್ ಒತ್ತಿ, ಅದು ಪೂರ್ತಿ ಶುರುವಾಗುವವರೆಗೆ ಎದುರಿಗೆ ಕೈಕಟ್ಟಿಕೊಂಡು ಕೂರುತ್ತಿದ್ದರು. ಹತ್ತು ನಿಮಿಷ ಹಿಡಿದರೂ ಅಷ್ಟೇ. "ಅದು ಏನ್ ಹೇಳ್ತದೋ ಹೇಳ್ಲಿ ಬುಡಿ, ಆಮ್ಯಾಕೆ ಬಿಚ್ಚವ" ಅನ್ನುವರು. ಸರಗೂರು ಬಸ್ ಸ್ಟ್ಯಾಂಡಿನ ಹಿಂದಿನ ಆ ಅಂಗಡಿಯಲ್ಲಿ ಅವರೊಬ್ಬರೇ, ಮನೆಯಲ್ಲೂ ಒಬ್ಬರೇ. ಮಧ್ಯಾಹ್ನ ಡಬ್ಬಿ ಬಿಚ್ಚಿ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದರು. ಗಿರಾಕಿ ಬಂದರೆ ಅರ್ಧಕ್ಕೇ ಕೈ ತೊಳೆದುಬಿಡುವರು.

ಅಲ್ಲಿಂದ ಎರಡು ಅಂಗಡಿ ಆಚೆ ನನ್ನ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಅದನ್ನು ಶುರು ಮಾಡಿದ್ದು ನಮ್ಮ ಯಜಮಾನರು. ಕಂಪ್ಯೂಟರ್ ಶುರುವಾಗುವಾಗ ಬರುವ ಸದ್ದಿನ ಬದಲು, ನನ್ನನ್ನು ರೇಗಿಸುವುದಕ್ಕೆಂದು ಅವರು ತಮ್ಮ ದನಿಯನ್ನೇ ಹಾಕಿಟ್ಟಿದ್ದರು: "ಸುಶೀಲಾ, ತಿಂಡಿ ಆಯ್ತಾ?" ಅವರಿದ್ದಾಗ ಬಯ್ಯುತ್ತಿದ್ದೆ. ಅವರು ತೀರಿಕೊಂಡ ಮೇಲೆ ಅದನ್ನು ಕೇಳಲೆಂದೇ ಬೇಗ ಬಾಗಿಲು ತೆಗೆಯುತ್ತಿದ್ದೆ. ನನ್ನನ್ನು ಹೆಸರು ಹಿಡಿದು ಕರೆಯುವವರು ಬೇರೆ ಯಾರೂ ಉಳಿದಿರಲಿಲ್ಲ.

ಕಂಪ್ಯೂಟರ್ ದಿನೇ ದಿನೇ ನಿಧಾನವಾಯಿತು. ಅರ್ಜಿ ಬರೆಸಲು ಬಂದವರು ಕಾದು ಕಾದು ಎದ್ದುಹೋಗತೊಡಗಿದರು. ಶಿವಮಾದಣ್ಣ ಹೇಳಿದರು: "ಹಳೇ ಡಿಸ್ಕು ಸುಸ್ತಾಗೋಗದೆ ಕಣಕ್ಕಾ. ಎಸ್‌ಎಸ್‌ಡಿ ಅನ್ನೋ ಹೊಸ ಡಿಸ್ಕು ಹಾಕಿ, ವಿಂಡೋಸ್ ಹೊಸ್ದಾಗಿ ಕೂರ್ಸ್ಬುಡ್ತೀನಿ. ಯಾವ್ಯಾವ ಫೈಲು ಬೇಕು ಹೇಳಿ, ಮಿಕ್ಕಿದ್ದೆಲ್ಲ ಅಳಿಸೋಯ್ತದೆ." ಅರ್ಜಿ ನಮೂನೆಗಳ ಫೋಲ್ಡರ್ ಹೇಳಿದೆ. ದನಿಯ ವಿಷಯಕ್ಕೆ ನಾಲಿಗೆ ಏಳಲಿಲ್ಲ. ಐವತ್ತು ದಾಟಿದ ಹೆಂಗಸು, ಗಂಡನ ದನಿ ಉಳಿಸಿಕೊಡಿ ಎಂದು ಹೇಗೆ ಕೇಳುವುದು? ಕಂಪ್ಯೂಟರ್ ಕೊಟ್ಟು ಬಂದೆ. 

ಮಾರನೆಯ ಬೆಳಿಗ್ಗೆ, ಹೇಗಾದರೂ ಕೇಳಿಬಿಡೋಣವೆಂದು ಅವರ ಅಂಗಡಿಗೆ ಓಡಿದರೆ, ಹಳೆಯ ಡಿಸ್ಕನ್ನು ಆಗಲೇ ಬಿಚ್ಚಿ ಮೇಜಿನ ಮೇಲಿಟ್ಟಿದ್ದರು. 

"ವಿಂಡೋಸ್ ಹೊಸದಾಗಿ ಹಾಕ್ಬಿಟ್ರಾ ಅಣ್ಣಾ?"

"ಇಲ್ಲ ಕಣಕ್ಕಾ." ಅವರು ತಲೆ ಎತ್ತಲಿಲ್ಲ. "ನೆನ್ನೆ ಆನ್ ಮಾಡ್ಕಂಡು ಕುಂತಿದ್ನಾ, ನಿಮ್ಮ ಯಜಮಾನ್ರು ತಿಂಡಿ ಇಚಾರುಸುದ್ರು. ಅದ್ಕೇ ಏನೂ ಬುಡ್ದಂಗೆ ಇದ್ದಂಗೇ ಹೊಸದ್ರೊಳಕ್ಕೆ ಇಳುಸ್ತಾವ್ನಿ. ಹಳೇದು ಅಲ್ಲಲ್ಲಿ ಕೆಟ್ಟದೆ, ಎರಡು ದಿನ ಹಿಡೀತದೆ."

ಮೂರನೆಯ ದಿನ ತಾವೇ ಹೊತ್ತು ತಂದು ಜೋಡಿಸಿದರು. ಸ್ವಿಚ್ ಒತ್ತಿದವರು, ಈ ಸಲ ಎದುರಿಗೆ ಕೂರಲಿಲ್ಲ; ಹೊರಗೆ ಹೋಗಿ ರಸ್ತೆಯ ಕಡೆ ತಿರುಗಿ ನಿಂತರು. ಆ ದನಿ ಕೇಳಿ ನಾನು ಕಣ್ಣೊರೆಸಿಕೊಂಡ ಮೇಲೆಯೇ ಒಳಗೆ ಬಂದರು.

"ದಿನಾ ಕೇಳ್ತಾರಲ್ಲಕ್ಕಾ, ಪುಣ್ಯ ಮಾಡಿದ್ರಿ," ಅಂದರು. "ನನ್ನ ಯಾರು ಕೇಳಾರು ಬುಡಿ."

ತಮಾಷೆ ಎಂದುಕೊಂಡು ನಕ್ಕುಬಿಟ್ಟೆ.

ಆಮೇಲೂ ಎರಡು ವರ್ಷ ಅವರು ದಿನಾ ನನ್ನ ಬಾಗಿಲ ಮುಂದೆಯೇ ಹಾದು ಹೋದರು. ಡಬ್ಬಿ ಹಿಡಿದುಕೊಂಡು, ತಲೆ ತಗ್ಗಿಸಿಕೊಂಡು. ಕಳೆದ ಬೇಸಿಗೆಯಲ್ಲಿ ಜ್ವರವೆಂದು ಮೈಸೂರಿನ ಆಸ್ಪತ್ರೆಗೆ ಹೋದವರು ಮತ್ತೆ ಬರಲಿಲ್ಲ. ಈಗ ಆ ಅಂಗಡಿಯಲ್ಲಿ ಬಳೆ ಮಾರುತ್ತಾರೆ.

ನನ್ನ ಕಂಪ್ಯೂಟರ್ ಈಗ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಶುರುವಾಗುತ್ತದೆ. ತಿಂಡಿ ಆಯ್ತಾ ಎಂದು ನಮ್ಮ ಯಜಮಾನರು ಕೇಳುತ್ತಾರೆ. ಎರಡೇ ಅಂಗಡಿ ಆಚೆ ಅಷ್ಟು ವರ್ಷ ಒಬ್ಬರೇ ಕೂತಿದ್ದ ಶಿವಮಾದಣ್ಣನನ್ನು ನಾನು ಒಂದು ದಿನವೂ ಆ ಮಾತು ಕೇಳಲಿಲ್ಲ.