ಅಕ್ಕೋರು ದಾಟದ ಹೊಸ್ತಿಲು

ಅಣ್ಣಿಗೇರಿ ಬಸ್ ನಿಲ್ದಾಣದ ಬಾಜು ಚಪ್ಪಲಿ ಹೊಲಿಯುವವನೊಬ್ಬ ಕೂರುತ್ತಾನೆ. ಹೋದ ವಾರ ಚಪ್ಪಲಿಯ ಬಾರು ಕಿತ್ತು ಅವನ ಮುಂದೆ ಒಂಟಿಗಾಲಲ್ಲಿ ನಿಂತಿದ್ದೆ. ಅವನು ನನ್ನನ್ನು ಕಾಯಿಸಿ, ಇನ್ನಾರದೋ ಜೋಡಿಗೆ ಅಟ್ಟೆ ಮಾಡಲೆಂದು ಹಳೆಯ ಲಾರಿ ಟೈರೊಂದನ್ನು ಕೊಯ್ಯುತ್ತಿದ್ದ. ಬಿಸಿಲಿಗೆ ಕಾದ ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಅಕ್ಕೋರು ನೆನಪಾದರು. ಅಂಥದೇ ಟೈರಿನ ತುಂಡಿಗೆ ತೊಗಲಿನ ಪಟ್ಟಿ ಹೊಲಿಸಿ ಅವರು ಎರಡೂ ಕೈಗೆ ಹಾಕಿಕೊಳ್ಳುತ್ತಿದ್ದರು. ಲೆಕ್ಕ ಸರಿ ಬಂದಾಗ ಅವರು ನಮ್ಮ ಬೆನ್ನು ತಟ್ಟಿದರೆ ಸಂಜೆಯತನಕ ಅಂಗಿಗೆ ಆ ವಾಸನೆ ಇರುತ್ತಿತ್ತು…

ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಶಲವಡಿ ಕಡೆಗೆ ಹೋಗುವ ದಾರಿಯ ನಮ್ಮೂರಿನಲ್ಲಿ ಅವರು ನಾಲ್ಕನೆಯ ಇಯತ್ತೆಗೆ ಕಲಿಸುತ್ತಿದ್ದರು. ಅವರ ಮನೆ ನಮ್ಮ ಮನೆಯ ಗೋಡೆಗೆ ಹತ್ತಿಕೊಂಡೇ ಇತ್ತು. ಕೂಸಿದ್ದಾಗಲೇ ಪೋಲಿಯೋ ಆಗಿ ಅವರಿಗೆ ಸೊಂಟದ ಕೆಳಗೆ ಬಲವಿರಲಿಲ್ಲ. ಓಣಿಯಲ್ಲಿ ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ಲು, ಅದರಿಂದ ಇಳಿದರೆ ಅಂಗೈ ಊರಿ ಮೈಯನ್ನು ಎತ್ತಿ ಮುಂದಕ್ಕೆ ಹಾಕಿ ಸಾಗುವುದು. ಅಯ್ಯೋ ಪಾಪ ಎಂದವರಿಗೆ ಅವರ ನಾಲಿಗೆಯ ಬಿಸಿ ತಾಗದೆ ಇರುತ್ತಿರಲಿಲ್ಲ. ಸರಕಾರದ ಕಾಗದಗಳಲ್ಲಿ ಅಂಗವಿಕಲರು ಎಂಬುದು ಹೋಗಿ ವಿಶೇಷ ಚೇತನರು ಎಂದು ಬಂದಾಗ, "ಹೆಸರು ಬದಲಿ ಮಾಡ್ಯಾರ, ಮೆಟ್ಟಲಾ ಹಂಗ ಬಿಟ್ಟಾರ" ಎಂದು ನಕ್ಕಿದ್ದರು.

ನಮ್ಮೂರಿನಲ್ಲಿ ಒಂದು ವಾಡೆ ಇದೆ. ಒಂದು ಕಾಲಕ್ಕೆ ಸುತ್ತಲಿನ ಹಳ್ಳಿಗಳನ್ನು ಆಳಿದ ಮನೆತನದವರದು. ಎರಡಾಳು ದಪ್ಪದ ಗೋಡೆ, ಸಾಗವಾನಿ ಕಂಬ, ಒಳಗಿನ ದೊಡ್ಡ ಪಡಸಾಲೆಗೆ ಮರದ ಚಾವಣಿ. ಆ ಚಾವಣಿಯ ತುಂಬ ಬಣ್ಣದ ಚಿತ್ರಗಳು. ಪ್ರತಿ ವರ್ಷ ನಾಲ್ಕನೆಯ ಇಯತ್ತೆಯ ಮಕ್ಕಳನ್ನು ಅಕ್ಕೋರು ಅಲ್ಲಿಗೆ ಕರೆದೊಯ್ಯುತ್ತಿದ್ದರು. ಮಕ್ಕಳು ಒಳಗೆ, ಅವರು ಹೊರಗೆ ಬೇವಿನ ಮರದ ಕೆಳಗೆ ಸೈಕಲ್ಲಿನಲ್ಲಿ. ಒಬ್ಬೊಬ್ಬರು ಒಂದೊಂದು ಚಿತ್ರ ನೆನಪಿಟ್ಟುಕೊಂಡು ಬಂದು ಹೇಳಬೇಕು. ಹೇಳಿದ್ದನ್ನು ಕೇಳಿ ಕೇಳಿ ಅವರು ಒಂದು ದೊಡ್ಡ ಹಾಳೆಯ ಮೇಲೆ ಆ ಚಾವಣಿಯನ್ನೇ ಬರೆಯುತ್ತ ಬಂದಿದ್ದರು. ಕಣ್ಣಿಂದ ನೋಡದ ಚಾವಣಿ. ಆನೆ, ಗಿಳಿ, ಕುಸ್ತಿ ಆಡುವ ಪೈಲವಾನರು ಎಲ್ಲ ಬಂದಿದ್ದವು, ನಟ್ಟನಡುವೆ ಮಾತ್ರ ಖಾಲಿ. ಒಬ್ಬ ಕಮಲ ಎನ್ನುತ್ತಿದ್ದ, ಒಬ್ಬಳು ಸೂರ್ಯ ಎನ್ನುತ್ತಿದ್ದಳು, ಇನ್ನೊಬ್ಬ ಬಂಡಿಯ ಗಾಲಿ ಎನ್ನುತ್ತಿದ್ದ.

"ಒಬ್ಬರೂ ಒಂದ ಥರ ಹೇಳವಲ್ಲರಿ. ನಾನ ಹೋಗಿ ನೋಡಬೇಕು" ಎಂದು, ನಾನು ನಾಲ್ಕನೆಯ ಇಯತ್ತೆಯಲ್ಲಿದ್ದ ವರ್ಷ ಅಕ್ಕೋರು ಸೈಕಲ್ಲಿನಿಂದ ಇಳಿದೇಬಿಟ್ಟರು.

ಐದು ಮೆಟ್ಟಿಲು. ಒಂದೊಂದಕ್ಕೂ ಕೈ ಊರಿ, ಉಸಿರು ಬಿಗಿಹಿಡಿದು, ಮೈ ಎತ್ತಿ ಹಾಕಿದರು. ನಾವು ಮೂವತ್ತು ಮಕ್ಕಳು ನೋಡುತ್ತಿದ್ದೆವು. ಐದನೆಯ ಮೆಟ್ಟಿಲು ಮುಗಿದರೆ ತಲೆಬಾಗಿಲ ಹೊಸ್ತಿಲು. ಒಂದು ಗೇಣಿಗಿಂತ ಹೆಚ್ಚು ಎತ್ತರದ ಮರದ ತೊಲೆ, ಮೇಲೆ ಅರಿಶಿಣ ಕುಂಕುಮ, ಎರಡು ಸೇವಂತಿಗೆ. ಹೊಸ್ತಿಲು ತುಳಿಯಬಾರದು, ಅದರ ಮೇಲೆ ಕೂರಬಾರದು ಎನ್ನುವುದು ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಕಾಲಿದ್ದವರು ಕಾಲೆತ್ತಿ ದಾಟುತ್ತಾರೆ. ಅಕ್ಕೋರು ದಾಟಬೇಕೆಂದರೆ ಅರೆಗಳಿಗೆ ಅದರ ಮೇಲೆ ಕೂರಲೇಬೇಕಿತ್ತು. ಅವರು ಕೈಯ ಚಪ್ಪಲಿ ಬಿಚ್ಚಿ ನನ್ನ ಕೈಗೆ ಕೊಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಬರಿಗೈ ಊರಿದರು.

ಅಷ್ಟರಲ್ಲಿ ವಾಡೆಯ ಯಜಮಾನರ ಮಗ ಒಳಗಿನಿಂದ ಬಂದ. ಊರವರೆಲ್ಲ ಅವನಿಗೆ ಸಣ್ಣ ಧಣಿ ಎನ್ನುತ್ತಿದ್ದರು. ಆಗ ಇಪ್ಪತ್ತೈದರ ಆಸುಪಾಸಿನವನು.

"ಅಕ್ಕೋರ, ಹೊಸ್ತಿಲ ಮ್ಯಾಲ ಕುಂಡ್ರಬ್ಯಾಡ್ರಿ. ಲಕ್ಷ್ಮೀ ಇರೂ ಜಾಗಾ ಅದು."

"ಕುಂಡ್ರೂದಿಲ್ರಿ, ದಾಟತೇನಿ. ನನಗ ದಾಟೂದಂದ್ರ ಹಿಂಗ ರೀ."

ಅವನು ಬೈಯಲಿಲ್ಲ, ದನಿ ಕೂಡ ಏರಿಸಲಿಲ್ಲ. ಅಂಗಳದಲ್ಲಿ ಕಾಳು ತೂರುತ್ತಿದ್ದ ಆಳಿನ ಕಡೆ ತಿರುಗಿ, "ಏ, ಇವ್ರನ್ನ ಎತ್ತಿ ಒಳಗ ಇಡ ಬಾರಲೇ" ಎಂದ. ಆಳು ಪಂಚೆಗೆ ಕೈ ಒರೆಸಿಕೊಳ್ಳುತ್ತ ಬಂದ.

"ನಾ ಜ್ವಾಳದ ಚೀಲ ಅಲ್ರಿ" ಎಂದರು ಅಕ್ಕೋರು.

ಕಟ್ಟೆಯ ಮೇಲೆ ಕೂತಿದ್ದ ಇಬ್ಬರು ಫಕ್ಕನೆ ನಕ್ಕರು. ಸಣ್ಣ ಧಣಿಯೂ ಮೀಸೆಯೊಳಗೇ ನಕ್ಕ. ಅಕ್ಕೋರು ಮೈ ತಿರುಗಿಸಿ ಐದು ಮೆಟ್ಟಿಲು ಇಳಿದರು. ಏರುವುದಕ್ಕಿಂತ ಇಳಿಯುವುದು ಅವರಿಗೆ ಕಷ್ಟ ಎಂದು ನನಗೆ ಗೊತ್ತಾದದ್ದು ಅವತ್ತು. ಕೆಳಗೆ ಬಂದು ಸೈಕಲ್ಲು ಹತ್ತಿದವರೇ, "ನೀವು ಹೋಗಿ ನೋಡಿ ಬರ್ರಿ" ಎಂದು ನಮ್ಮನ್ನು ಒಳಗೆ ಕಳಿಸಿದರು. ನಾನು ನೆನಪಿಟ್ಟುಕೊಂಡು ಬಂದದ್ದು ಒಬ್ಬ ಸಿಪಾಯಿಯ ಚಿತ್ರ. ಮಳೆನೀರು ಸೋರಿ ಅವನ ಕಾಲಿನ ಬಣ್ಣ ಅಳಿಸಿಹೋಗಿತ್ತು. ಅದನ್ನು ಹೇಳಿದರೆ ಅಕ್ಕೋರು, "ಅಂವಗೂ ಕಾಲಿಲ್ಲಾ? ಮತ್ತ ಅಂವನ್ನ ಹೆಂಗ ಒಳಗ ಬಿಟ್ರು?" ಎಂದರು. ಎಲ್ಲರೂ ನಕ್ಕೆವು, ಅವರೂ ನಕ್ಕರು. ಸಂಜೆ ಅವರ ಮನೆಗೆ ಹೋದಾಗ ತರಚಿದ ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು.

ಆ ಮೀಸೆಯೊಳಗಿನ ನಗೆಯನ್ನು ನಾನು ಮೂವತ್ತು ವರ್ಷ ಜೋಪಾನ ಮಾಡಿದೆ. ಬಿಟ್ಟುಬಿಡು, ಹಳೆಯದು ಎನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಹಳೆಯದಾದಷ್ಟೂ ನನ್ನ ಸಿಟ್ಟು ಗಟ್ಟಿಯಾಯಿತು.

ಓದಿ, ಮದುವೆಯಾಗಿ, ಕೊನೆಗೆ ನನಗೆ ಸಿಕ್ಕ ಕೆಲಸವಾದರೂ ಎಂಥದು! ಜನ ಬಂದುಹೋಗುವ ಕಟ್ಟಡಗಳಲ್ಲಿ ಕಾಲಿಲ್ಲದವರಿಗೆ, ಕಣ್ಣಿಲ್ಲದವರಿಗೆ ದಾರಿ ಇದೆಯೋ ಇಲ್ಲವೋ ಎಂದು ಟೇಪು ಹಿಡಿದು ಅಳೆದು ವರದಿ ಬರೆಯುವುದು. ಹೋದ ವರ್ಷ ಮಳೆಗಾಲದಲ್ಲಿ ನನ್ನ ಮೇಜಿಗೆ ಒಂದು ಫೈಲು ಬಂತು. ನಮ್ಮೂರ ವಾಡೆಯನ್ನು ಪ್ರವಾಸಿಗರಿಗೆ ತೆರೆಯುತ್ತಾರಂತೆ, ರೊಟ್ಟಿ ಊಟ, ಹಳೆಯ ಆಯುಧ, ಚಿತ್ರದ ಚಾವಣಿ. ನನ್ನ ವರದಿ ಆಗದೆ ಬಾಗಿಲು ತೆರೆಯುವಂತಿಲ್ಲ. ಅರ್ಜಿಯ ಕೆಳಗೆ ಸಣ್ಣ ಧಣಿಯ ಸಹಿ. ಆ ದಿನ ನಾನು ಮಧ್ಯಾಹ್ನದ ಊಟವನ್ನು ಎರಡು ಸಲ ಬಡಿಸಿಕೊಂಡು ಉಂಡೆ.

ಮೊದಲ ಸಲ ಹೋದಾಗ ಅವನೇ ಕುರ್ಚಿ ಹಾಕಿದ. ಮೀಸೆ ಬೆಳ್ಳಗಾಗಿತ್ತು. ಮದುವೆಯಾಗಿ ಊರು ಬಿಟ್ಟವಳನ್ನು ಅವನು ಗುರುತಿಸಲಿಲ್ಲ, ನಾನೂ ಹೇಳಲಿಲ್ಲ. ಐದು ಮೆಟ್ಟಿಲ ಬಾಜು ಒಂದು ಇಳಿಜಾರು ಕಟ್ಟಿಸಿದ್ದ, ಮಕ್ಕಳು ಜಾರುವ ಬಂಡೆಯಷ್ಟು ಕಡಿದಾಗಿ. "ಇದರ ಮ್ಯಾಲೆ ಗಾಲಿಕುರ್ಚಿ ಏರಂಗಿಲ್ರಿ, ಒಡಸ್ರಿ" ಎಂದೆ. ಒಡೆಸಿ ಉದ್ದ ಮಾಡಿಸಿದ. ಎರಡನೆಯ ಸಲ ಹಿಡಿಕೆ ಇಲ್ಲ ಎಂದೆ, ಹಿಡಿಕೆ ಹಾಕಿಸಿದ. ಮೂರನೆಯ ಸಲ ಕಲ್ಲು ನುಣುಪು, ಜಾರುತ್ತದೆ ಎಂದೆ, ಕಲ್ಲುಗಳನ್ನೆಲ್ಲ ಕಿತ್ತು ಉಳಿ ಹೊಡೆಸಿದ. ಅವನು ಬಿಸಿಲಲ್ಲಿ ನಿಂತು ಬೆವರು ಒರೆಸಿಕೊಳ್ಳುವುದನ್ನು ನೋಡುತ್ತ ನಾನು ನಿಧಾನವಾಗಿ ಚಹಾ ಕುಡಿಯುತ್ತಿದ್ದೆ. ಆದರೂ ಒಂದು ಮಾತು ಹೇಳಬೇಕು. ಆ ಮೂರೂ ಸಲ ನಾನು ಹೇಳಿದ್ದು ಕಾಯಿದೆಗೆ ಸರಿಯಾಗಿಯೇ ಇತ್ತು.

ನಾಲ್ಕನೆಯದು ಹೊಸ್ತಿಲು. ಮೂವತ್ತು ಅಡಿ ಇಳಿಜಾರು ಕಟ್ಟಿಸಿ, ಎರಡೂ ಬದಿಗೆ ಹಿಡಿಕೆ ಹಾಕಿಸಿ, ಅದನ್ನೆಲ್ಲ ತಂದು ಆ ಗೇಣೆತ್ತರದ ತೊಲೆಗೆ ಮುಟ್ಟಿಸಿ ನಿಲ್ಲಿಸಿದ್ದರು. ಹುಟ್ಟಿದಾಗಿನಿಂದ ಕಾಲೆತ್ತಿ ದಾಟಿದವರ ಕಣ್ಣಿಗೆ ಅದು ಅಡ್ಡಿಯಾಗಿ ಕಂಡೇ ಇರಲಿಲ್ಲ. ನಾನು ತೋರಿಸಿದಾಗ ಸಣ್ಣ ಧಣಿ ಹಣೆ ಚಚ್ಚಿಕೊಂಡ. ಎಂಟೇ ದಿನಕ್ಕೆ ಬಡಿಗನಿಂದ ಹಲಗೆ ಮಾಡಿಸಿ ಹೊಸ್ತಿಲ ಈಚೆಗೊಂದು ಆಚೆಗೊಂದು ಇಳಿಜಾರಾಗಿ ಕೂಡಿಸಿ, ನನ್ನನ್ನು ಕರೆಸಿದ. ದಸರೆಯ ಹಿಂದಿನ ದಿನ ಅದು. ತೊಲೆಗೆ ಏನೂ ಧಕ್ಕೆಯಾಗಿರಲಿಲ್ಲ, ಗಾಲಿ ಸಲೀಸಾಗಿ ದಾಟುತ್ತಿತ್ತು. ಹಳೆಯ ಕಟ್ಟಡಗಳಿಗೆ ಅಂಥ ಹಲಗೆ ನಡೆಯುತ್ತದೆ ಎಂದು ಕಾಯಿದೆಯಲ್ಲೇ ಇದೆ. ಆ ಹಾಳೆ ನನ್ನ ಚೀಲದಲ್ಲೇ ಇತ್ತು.

"ನಡೀತೈತೆಲ್ರಿ ಮೇಡಮ್ಮರ?" ಎಂದ.

"ಈ ಊರಾಗ ಒಬ್ರು ಅಕ್ಕೋರು ಅದಾರ. ಇಲ್ಲೇ ಬಂದಿದ್ರು ಒಮ್ಮೆ. ನೆನಪೈತೇನ್ರಿ?"

ಅವನು ತಲೆ ಕೆರೆದುಕೊಂಡ. "ತೆವಳಕೋತ ಅಡ್ಡಾಡ್ತಾರಲ್ಲ, ಅವ್ರೇನ್ರಿ? ಅವ್ರು ನಮ್ಮ ವಾಡೇಕ್ಕ ಯಾವಾಗ ಬಂದಿದ್ರು?"

ನೆನಪೇ ಇರಲಿಲ್ಲ ಅವನಿಗೆ! ನಾನು ಮೂವತ್ತು ವರ್ಷ ಹೊತ್ತದ್ದನ್ನು ಅವನು ಆ ಸಂಜೆಯೇ ಮರೆತಿದ್ದ. ನನ್ನ ಮೈ ಉರಿದುಹೋಯಿತು. "ಹಲಗಿ ನಡೆಯಂಗಿಲ್ರಿ. ಹೊಸ್ತಿಲ ಕಡೀಬೇಕು" ಎಂದು ಎದ್ದು ಬಂದೆ.

ದೀಪಾವಳಿಗೆ ತವರಿಗೆ ಹೋದಾಗ ಅಕ್ಕೋರನ್ನು ನೋಡಲು ಹೋದೆ. ನಿವೃತ್ತರಾಗಿ ಎರಡು ವರ್ಷವಾಗಿತ್ತು, ತಮ್ಮನ ಹೆಂಡತಿ ನೋಡಿಕೊಳ್ಳುತ್ತಿದ್ದಳು. ಮೈ ಇಳಿದಿತ್ತು, ಕೂತಲ್ಲೇ ಏದುಸಿರು. ನಾನು ಯಾವುದನ್ನೂ ಅವರಿಗೆ ಹೇಳಿರಲಿಲ್ಲ. ಹೊಸ್ತಿಲು ಕಡಿಸಿದ ದಿನ ಮೊಟ್ಟಮೊದಲು ಅವರನ್ನೇ ಗಾಲಿಕುರ್ಚಿಯಲ್ಲಿ ಕೂರಿಸಿ, ಸಣ್ಣ ಧಣಿಯ ಕಣ್ಣೆದುರೇ ಒಳಗೆ ನೂಕಿಕೊಂಡು ಹೋಗುವುದು ಎಂದು ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದೆ. ಆದರೆ ಊರಲ್ಲಿ ಯಾವ ಸುದ್ದಿ ನಿಲ್ಲುತ್ತದೆ?

"ವಾಡೇಕ್ಕ ಹಲಗಿ ಹಾಕ್ಯಾರಂತಲ್ಲ ಯವ್ವಾ" ಎಂದರು ಅಕ್ಕೋರು. "ನಾಳೆ ಹೋಗೂಣು? ಆ ನಡುವಿನ ಚಿತ್ರ ಒಂದು ನೋಡಿದ್ರ ಸಾಕ ನನಗ."

"ಈಗ ಬ್ಯಾಡ್ರಿ ಅಕ್ಕೋರ. ಆ ಹೊಸ್ತಿಲಾನ ಕಡಸಾಕತ್ತೇನಿ. ಕಡಿದ ಮ್ಯಾಲ ಹೋಗೂಣು, ರಾಣಿ ಹಂಗ."

"ಕಡಸೂದ್ಯಾಕಬೇ? ನನಗ ದಾಟೂದು ಬೇಕಾಗೇತಿ. ಅವ್ರ ಮನಿ ಕಡಿಯೂದು ನನಗ್ಯಾಕ?"

"ಒಂದೀಟ ತಡೀರಿ" ಎಂದು ನಕ್ಕು, ಅವರ ಕೈಗೆ ಕರಜಿಕಾಯಿ ಕೊಟ್ಟು ಎದ್ದು ಬಂದೆ. ಮರುದಿನ ಬೆಳಿಗ್ಗೆ ನನಗೆ ಬೇರೆ ಕೆಲಸವೂ ಇರಲಿಲ್ಲ. ಕರೆದೊಯ್ಯಬಹುದಿತ್ತು. ಅರ್ಧ ತಾಸಿನ ಮಾತು…

ಎಳ್ಳಮಾಸೆಯ ವಾರ ನಾನು ಸಂಶಿಯಲ್ಲಿ ಒಂದು ಕಟ್ಟಡದ ಬಾಗಿಲು ಅಳೆಯುತ್ತಿದ್ದಾಗ ಅವ್ವನ ಫೋನು ಬಂತು. ಅಕ್ಕೋರಿಗೆ ಮುಂಜಾನೆ ಉಸಿರು ಹತ್ತಿ ಹಾಗೇ ನಿಂತಿತ್ತಂತೆ. ನಾನು ಮುಟ್ಟುವ ಹೊತ್ತಿಗೆ ಎಲ್ಲ ತಯಾರಿ ಆಗಿತ್ತು. ಬದುಕಿರುವತನಕ ಯಾರ ಕೈಯಲ್ಲೂ ಎತ್ತಿಸಿಕೊಳ್ಳದವರನ್ನು ಅಂದು ನಾಲ್ಕು ಜನ ಎತ್ತಿದರು. ವಾಡೆಯ ಮುಂದೆ ಹಾಯುವಾಗ ಸಣ್ಣ ಧಣಿ ಹೊರಗೆ ಬಂದು ಕೈ ಮುಗಿದು ನಿಂತಿದ್ದ. ಅವನ ಹಿಂದೆ ಆ ಹಲಗೆಗಳು ಬಾಗಿಲಲ್ಲಿ ಹಾಗೆಯೇ ಇದ್ದವು.

ಆಮೇಲಾದರೂ ಬಿಡಬಹುದಿತ್ತು. ಬಿಡಲಿಲ್ಲ. ಇನ್ನೂ ಹಟ ಹಿಡಿದೆ, ಎರಡು ಸಲ ಫೈಲು ವಾಪಸು ಕಳಿಸಿದೆ. ಶಿವರಾತ್ರಿಯ ಹೊತ್ತಿಗೆ ಸಣ್ಣ ಧಣಿ ಸೋತ. ಬಡಿಗ ಹೊಸ್ತಿಲಿಗೆ ಕಾಯಿ ಒಡೆದು, ತಪ್ಪಾಯಿತೆಂದು ಗಲ್ಲ ಬಡಿದುಕೊಂಡು ಗರಗಸ ಇಟ್ಟ. ಧಣಿಯ ತಾಯಿ, ಹಣ್ಣು ಹಣ್ಣು ಮುದುಕಿ, ಕಂಬದ ಹಿಂದೆ ಮುಖ ಮುಚ್ಚಿಕೊಂಡಿದ್ದಳು. ಕೊಯ್ದ ತುಂಡುಗಳನ್ನು ಹೊಸ ಬಟ್ಟೆಯಲ್ಲಿ ಸುತ್ತಿ ದೇವರ ಕೋಣೆಗೆ ಒಯ್ದರು. ನಾನು ಮೊದಲಿನಿಂದ ಕೊನೆಯವರೆಗೆ ಅಲ್ಲೇ ನಿಂತು ನೋಡಿದೆ. ಎದೆ ತಣ್ಣಗಾಗುತ್ತಿತ್ತು, ಸುಳ್ಳೇಕೆ ಹೇಳಲಿ.

"ಈಗ ಸಮಾಧಾನ ಆತೇನ್ರಿ?" ಎಂದ ಸಣ್ಣ ಧಣಿ. ಅವನಿಗೆ ಅಷ್ಟರಲ್ಲಿ ನಾನು ಯಾರೆಂದು ಯಾರೋ ಹೇಳಿದ್ದರು.

"ಆತ್ರಿ" ಎಂದು ವರದಿಗೆ ಸಹಿ ಹಾಕಿದೆ.

ಈಗ ವಾಡೆ ತೆರೆದಿದೆ. ಬೇರೆ ಜಿಲ್ಲೆಗಳಿಂದಲೂ ಜನ ಬರುತ್ತಾರೆ. ಗಾಲಿಕುರ್ಚಿಯವರು ಯಾರ ಹಂಗಿಲ್ಲದೆ ಒಳಗೆ ಹೋಗುವುದನ್ನು ಕಂಡೆವು ಎಂದು ನಮ್ಮ ಸಾಹೇಬರು ನಾಲ್ಕು ಜನರೆದುರು ನನ್ನನ್ನು ಹೊಗಳಿದರು. ನಾನು ಮಾತ್ರ ತವರಿಗೆ ಹೋದಾಗ ವಾಡೆಯ ಓಣಿ ಬಿಟ್ಟು ಸುತ್ತುಹಾಕಿ ಹೋಗುತ್ತೇನೆ. ಅಕ್ಕೋರ ಮನೆಗೂ ಹೋಗುವುದಿಲ್ಲ. ಅವರ ತಮ್ಮನ ಹೆಂಡತಿ, ಕೊನೆಯ ದಿನಗಳಲ್ಲಿ ನಿಮ್ಮ ದಾರಿ ನೋಡುತ್ತಿದ್ದರು ಎಂದು ಒಮ್ಮೆ ಹೇಳಿದ ಮೇಲೆ ಅವಳ ಮುಖ ನೋಡುವ ಧೈರ್ಯ ನನಗಿಲ್ಲ.

ಸಣ್ಣ ಧಣಿ ನಮ್ಮ ಅಕ್ಕೋರನ್ನು ಒಂದು ಮುಂಜಾನೆ ಹೊರಗೆ ನಿಲ್ಲಿಸಿದ. ಅದಕ್ಕೆ ಅವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಹಲಗೆ ಹಾಕಿದ ಮೇಲಿನ ಎರಡೂವರೆ ತಿಂಗಳು ಅವರನ್ನು ಹೊರಗೆ ನಿಲ್ಲಿಸಿದವಳು ನಾನು.